ಮುಂದಿನ ಚುನಾವಣೆ ಆಗಲಿ

ಕೆಜಾಯಾಳನ್ನು ನಾನು ಮದುವೆಗೆ ಕೇಳಿದ್ದು ಒಟ್ಟು ಇಪ್ಪತ್ತೆರಡು ಸಲ. ಮೊದಲನೆಯ ಸಲವೇ ಅವಳು ಒಪ್ಪಿದ್ದಳು. ಕೆಡಿಸಿಕೊಂಡವನು ನಾನು. ಊರಿನವರು ಅವಳನ್ನು ಆಡಿಕೊಳ್ಳುವಾಗ ಈ ಒಂದು ಮಾತನ್ನು ಮರೆಯುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ.

ನನ್ನ ಹೆಸರು ಜೋಥಮ್ ರೀವ್ಸ್. ಜೆರ್ಸಿ ನಾಡಿನ ರ‍್ಯಾಂಕೋಕಸ್ ಹೊಳೆಯ ದಂಡೆಯಲ್ಲಿ ಪೀಪಾಯಿ ಮಾಡುವುದು ನನ್ನ ಕಸುಬು. ಸೇಬಿನ ರಸಕ್ಕೆ, ಉಪ್ಪು ಹಾಕಿದ ಮೀನಿಗೆ, ಹಿಟ್ಟಿಗೆ, ಯುದ್ಧದ ದಿನಗಳಲ್ಲಿ ಮದ್ದಿನ ಪುಡಿಗೆ, ಎಲ್ಲಕ್ಕೂ ಪೀಪಾಯಿ ಮಾಡಿಕೊಟ್ಟಿದ್ದೇನೆ. ಕೆಜಾಯಾಳ ಗಂಡ ನೇಥನ್ ನನ್ನ ಗೆಳೆಯ. ಇಂಗ್ಲೆಂಡಿನ ದೊರೆಯ ಸಹವಾಸ ಸಾಕು ಎಂದು ನಮ್ಮ ಹದಿಮೂರು ವಸಾಹತುಗಳು ಎದ್ದು ನಿಂತ ವರ್ಷ ಇಬ್ಬರೂ ಒಂದೇ ದಿನ ಬಂದೂಕು ಹೊತ್ತು ಹೊರಟೆವು. ಆ ಚಳಿಗಾಲದಲ್ಲೇ ಮಾರಿಸ್‌ಟೌನಿನ ಪಾಳೆಯದಲ್ಲಿ ಅವನು ಜ್ವರದಿಂದ ಸತ್ತ. ಗುಂಡು ತಗುಲಿ ಸತ್ತನೆಂದರೆ ಅವಳಿಗೆ ಸ್ವಲ್ಪ ಸಮಾಧಾನವಾದೀತೇನೋ ಎಂದು ದಾರಿಯುದ್ದಕ್ಕೂ ಯೋಚಿಸುತ್ತ ಬಂದೆ. ಅವಳ ಮುಖ ನೋಡಿದ ಮೇಲೆ ಸುಳ್ಳು ಹೊರಡಲಿಲ್ಲ. ಅವಳು ಕೇಳಿದ್ದು ಒಂದೇ.

"ಕಾಲಿಗೆ ಒಣಗಿದ ಕಾಲುಚೀಲ ಇತ್ತಾ?"

ಇತ್ತು ಎಂದೆ. ಅದು ನಿಜ. ನನ್ನದನ್ನೇ ತೊಡಿಸಿದ್ದೆ.

ಆಗ ಅವಳಿಗೆ ಇಪ್ಪತ್ನಾಲ್ಕು. ನೇಥನ್ ಹೊರಡುವ ಮುಂಚೆ ಮನೆ, ಸೇಬಿನ ತೋಟ, ಹಸುಗಳು ಎಲ್ಲವನ್ನೂ ಅವಳ ಹೆಸರಿಗೇ ಉಯಿಲು ಬರೆದು ಹೋಗಿದ್ದ. ಅವಳು ಒಬ್ಬಳೇ ಅದನ್ನೆಲ್ಲ ನಿಭಾಯಿಸಿದಳು. ನಾನು ಹತ್ತು ವರ್ಷ ಅವಳ ಮನೆಯ ಸೌದೆ ಒಡೆದೆ. ನನ್ನ ಅಕ್ಕ ಡಾರ್ಕಸ್, ನನ್ನ ಮನೆ ನಡೆಸುತ್ತಿದ್ದವಳು, ಒಂದು ದಿನ ತಲೆ ಚಚ್ಚಿಕೊಂಡಳು.

"ಲೋ, ಹತ್ತು ವರ್ಷದಲ್ಲಿ ಒಂದು ಕಾಡು ಕಡಿದು ಹಾಕಿದೀಯ. ಒಂದು ಮಾತು ಕೇಳೋಕೆ ಬಾಯಿ ಬರಲ್ವಾ ನಿಂಗೆ?"

ಅದೇ ಸಂಜೆ ಹೋಗಿ ಕೇಳಿದೆ. ಕೆಜಾಯಾ ಹಾಲು ಸೋಸುತ್ತಿದ್ದಳು. ಸೋಸಿ ಮುಗಿಸಿ, ಬಟ್ಟೆ ಹಿಂಡಿ ಒಣಹಾಕಿ, ಆಮೇಲೆ "ಆಗಲಿ" ಎಂದಳು. ಅದು ಸಾವಿರದ ಏಳುನೂರ ಎಂಬತ್ತೇಳರ ಅಕ್ಟೋಬರ್ ಕೊನೆ.

ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಚರ್ಚಿನಲ್ಲಿ ಹೆಣ್ಣುಗಂಡಿನ ಹೆಸರು ಕೂಗಬೇಕು. ಎರಡು ಭಾನುವಾರ ಕೂಗಿ ಆಗಿತ್ತು. ಮೂರನೆಯದು ಮುಗಿದ ಮರುದಿನ, ಸೋಮವಾರ, ಮದುವೆ. ಆ ನಡುವೆ ಒಂದು ಮಧ್ಯಾಹ್ನ ನಾನು ಗಿರಣಿಯ ಗೋಡೆಗೆ ಅಂಟಿಸಿದ್ದ ಪ್ರಕಟಣೆ ಓದಿಕೊಂಡು ಅವಳ ಅಡುಗೆಮನೆಗೆ ಬಂದೆ. ಅವಳು ಹುರುಳಿಕಾಳಿನಷ್ಟು ಬೆಣ್ಣೆ ಹಾಕಿ ಕಾವಲಿಯ ಮೇಲೆ ರೊಟ್ಟಿ ತಿರುವಿ ಹಾಕುತ್ತಿದ್ದಳು.

"ಫಿಲಡೆಲ್ಫಿಯಾದಲ್ಲಿ ದೊಡ್ಡೋರೆಲ್ಲ ಸೇರಿ ಹೊಸ ಸರ್ಕಾರ ಅಂತ ಒಂದು ಕಾಗದ ಬರೆದಿದಾರಂತೆ," ಎಂದೆ. "ಅದು ಬೇಕೋ ಬೇಡವೋ ಅಂತ ಹೇಳೋಕೆ ನಮ್ಮ ಕಡೆಯಿಂದ ಮೂರು ಜನರನ್ನ ಆರಿಸಿ ಕಳಿಸಬೇಕಂತೆ. ಬರೋ ಮಂಗಳವಾರ ಬರ್ಲಿಂಗ್‌ಟನ್ ಕಚೇರೀಲಿ ಓಟು."

"ಕಾಗದ ಚೆನ್ನಾಗಿದೆಯಾ?"

"ನನಗೆ ಹಿಡಿಸಲಿಲ್ಲ. ಒಬ್ಬ ದೊರೆ ಹೋದ, ಅಲ್ಲಿ ಇನ್ನೊಬ್ಬನ್ನ ಕೂರಿಸ್ತಾರೆ."

"ನನಗೆ ಬೇಕು ಅನಿಸುತ್ತೆ," ಎಂದಳು. "ಈ ಕಡೆ ನ್ಯೂಯಾರ್ಕಿನವರು ಸುಂಕ ಕೀಳ್ತಾರೆ, ಆ ಕಡೆ ಫಿಲಡೆಲ್ಫಿಯಾದವರು ಕೀಳ್ತಾರೆ. ಎರಡೂ ಕಡೆ ತೂತು ಕೊರೆದ ಪೀಪಾಯಿ ಆಗಿದೆ ನಮ್ಮ ಜೆರ್ಸಿ. ಪೀಪಾಯಿ ಮಾಡೋರಿಗೆ ಇದು ಗೊತ್ತಾಗಬೇಡವಾ? ಯಾರು ಯಾರು ಓಟು ಹಾಕಬಹುದು?"

ಇಲ್ಲಿ ನೋಡಿ ನಾನು ಎಡವಿದ್ದು. ತಮಾಷೆ ಮಾಡಲು ಹೋದೆ. "ನಮ್ಮ ಜೆರ್ಸಿಯ ಕಾನೂನಿನಲ್ಲಿ ಐವತ್ತು ಪೌಂಡಿನ ಆಸ್ತಿ ಇರೋ ನಿವಾಸಿಗಳೆಲ್ಲಾ ಅಂತ ಬರೆದಿದೆ. ಗಂಡಸರು ಅಂತ ಬರೆಯೋದನ್ನೇ ಮರೆತಿದಾರೆ. ಆ ಲೆಕ್ಕದಲ್ಲಿ ನೀವೂ ಹಾಕಬಹುದು!" ಎಂದು ನಕ್ಕೆ.

ಅವಳು ನಗಲಿಲ್ಲ. ಆ ಕಾನೂನು ಬರೆದಾಗ ದೊರೆಯ ಹಡಗುಗಳು ನಮ್ಮ ಕರಾವಳಿಯ ಸ್ಯಾಂಡಿಹುಕ್ ಎದುರು ಬಂದು ನಿಂತಿದ್ದವು. ಎರಡೇ ದಿನದಲ್ಲಿ ಬರೆದು ಮುಗಿಸಿದ್ದರು. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ಅವರದು ಆತುರವೋ, ಯಾರೋ ಒಬ್ಬ ಪುಣ್ಯಾತ್ಮನ ಬುದ್ಧಿಯೋ, ನನಗೆ ಇವತ್ತಿಗೂ ಗೊತ್ತಿಲ್ಲ.

"ಮದುವೆಯಾದ ಹೆಂಗಸು?" ಎಂದಳು.

"ಅವಳಿಗೆ ಆಸ್ತಿ ಎಲ್ಲಿಂದ ಬರುತ್ತೆ? ಅವಳದೆಲ್ಲ ಗಂಡಂದೇ ಅಲ್ವಾ."

ಹೇಳಿ ಮುಗಿಸಿದ ಮೇಲೆ ನನಗೆ ಅರ್ಥವಾಯಿತು, ನನ್ನ ಕಾಲ ಮೇಲೆ ನಾನೇ ಚಪ್ಪಡಿ ಎಳೆದುಕೊಂಡಿದ್ದೆ ಎಂದು. ಸೋಮವಾರ ಮದುವೆ. ಮಂಗಳವಾರ ಓಟು. ಕಾವಲಿಯ ಮೇಲೆ ರೊಟ್ಟಿ ಸೀಯುತ್ತಿತ್ತು, ಇಬ್ಬರೂ ನೋಡಲಿಲ್ಲ.

"ಜೋಥಮ್, ಮದುವೆ ಬುಧವಾರ ಇಟ್ಟುಕೊಳ್ಳೋಣ."

"ಪಾದ್ರಿಗೆ ಏನು ಹೇಳಲಿ?"

"ಮಂಗಳವಾರ ನನಗೆ ಸ್ವಲ್ಪ ಕೆಲಸ ಇದೆ ಅಂತ ಹೇಳಿ."

ಡಾರ್ಕಸ್ ಅಕ್ಕ ಕುಣಿದಾಡಿಬಿಟ್ಟಳು. "ನಾಲ್ಕು ಬಾತು ಕೊಯ್ದು ತೂಗುಹಾಕಿದೀನಿ ಕಣೋ! ಅವಕ್ಕೂ ಓಟು ಮುಗಿಯೋವರೆಗೂ ಕಾಯ್ರಿ ಅಂತ ಹೇಳಲಾ?"

ಮಂಗಳವಾರ ಬೆಳಕು ಹರಿಯುವ ಹೊತ್ತಿಗೆ ಗಾಡಿ ಕಟ್ಟಿದೆ. ಆ ಕಾಲದಲ್ಲಿ ಓಟೆಂದರೆ ಎಲ್ಲರ ಎದುರು ನಿಂತು, ನಿನ್ನ ಹೆಸರು ಹೇಳಿ, ನಿನಗೆ ಬೇಕಾದವರ ಹೆಸರು ಗಟ್ಟಿಯಾಗಿ ಹೇಳಬೇಕು. ಗುಮಾಸ್ತ ಬರೆದುಕೊಳ್ಳುತ್ತಾನೆ. ಕಚೇರಿಯ ತುಂಬ ಗಂಡಸರು, ಹೊಗೆ, ಸೇಬಿನ ಸಾರಾಯಿಯ ವಾಸನೆ. ನಾನು ಹೇಳಿ ಈಚೆ ಬಂದೆ. ನನ್ನ ಹಿಂದೆ ಅವಳು ಮೇಜಿನ ಮುಂದೆ ಹೋಗಿ ನಿಂತಳು.

"ಯಾರ ಹೆಂಡತಿರೋ ಇದು?" ಎಂದ ಹಿಂದಿನಿಂದ ಒಬ್ಬ. "ಗಂಡನಿಗೆ ಬಾಯಿ ಬಿದ್ದುಹೋಯ್ತಾ?"

ಎಲ್ಲರೂ ನಕ್ಕರು. ಕೆಜಾಯಾ ತಿರುಗಿದಳು. "ನನ್ನ ಗಂಡ ಮಾರಿಸ್‌ಟೌನಿನ ಮಣ್ಣಲ್ಲಿ ಮಲಗಿದಾನೆ. ಅವನ ಪಾಲಿನ ಮಾತು ಅವನು ಆಡಿ ಹೋದ. ನಾನು ನನ್ನದನ್ನ ಆಡೋಕೆ ಬಂದಿದೀನಿ."

ಆಮೇಲೆ ಯಾರೂ ನಗಲಿಲ್ಲ. ಮೇಜಿನ ಹಿಂದಿದ್ದ ಮುದುಕ ಅಧಿಕಾರಿ ಕಾನೂನಿನ ಹಾಳೆ ತೆಗೆದು, ಆ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದ. ಕನ್ನಡಕ ತೆಗೆದ. "ಇವರಿಗೆ ಹಕ್ಕಿದೆ," ಎಂದ. "ಹೇಳಮ್ಮ, ನಿನಗೆ ಯಾರು ಬೇಕು?"

ಅವಳು ಮೂರು ಹೆಸರು ಹೇಳಿದಳು. ಮೂರರಲ್ಲಿ ಒಂದೂ ನಾನು ಹೇಳಿದ್ದಲ್ಲ. ನನ್ನ ಓಟು ಅಲ್ಲಿಗೆ ನೀರುಪಾಲು.

ಹೊರಗೆ ಬಂದು ಅವಳು ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ನೇಥನ್ ಸತ್ತ ಸುದ್ದಿ ತಂದ ದಿನ ನನ್ನೆದುರು ಅಳದಿದ್ದವಳು ಅಲ್ಲಿ ಅತ್ತಳು.

"ಹುಟ್ಟಿದಾಗಿಂದ ಎಲ್ಲರೂ ನನಗೆ ಹೇಳಿದವರೇ ಜೋಥಮ್. ಅಪ್ಪ ಹೇಳಿದ, ಪಾದ್ರಿ ಹೇಳಿದ. ನೇಥನ್ ಒಳ್ಳೆಯವನು, ಅವನೂ ಯುದ್ಧಕ್ಕೆ ಹೋಗ್ತೀನಿ ಅಂತ ಹೇಳಿದ, ಹೋಗಲಾ ಅಂತ ಕೇಳಲಿಲ್ಲ. ಇವತ್ತು ಒಬ್ಬ ಮುದುಕ ಕೂತು, ನಿನಗೆ ಯಾರು ಬೇಕಮ್ಮ ಅಂತ ಕೇಳಿದ. ನಾನು ಹೇಳಿದ್ದನ್ನ ಬರೆದುಕೊಂಡ."

"ನಾನೂ ಕೇಳಿದ್ದೆನಲ್ಲ," ಎಂದೆ. ಹೊಟ್ಟೆಕಿಚ್ಚಿಗೆ ಬಂದ ಮಾತು ಅದು.

"ಹೌದು, ನೀವೂ ಕೇಳಿದಿರಿ," ಎಂದು ಕಣ್ಣೊರೆಸಿಕೊಂಡು ನಕ್ಕಳು.

ವಾಪಸು ಬರುವಾಗ ನಾನು ಆಗಾಗ ಅವಳ ಮುಖ ನೋಡುತ್ತಿದ್ದೆ. ಅಂಥ ಮುಖವನ್ನು ನಾನು ಅವಳಲ್ಲಿ ಯಾವತ್ತೂ ನೋಡಿರಲಿಲ್ಲ, ನಾನು ಮದುವೆಗೆ ಕೇಳಿದ ಸಂಜೆಯೂ ನೋಡಿರಲಿಲ್ಲ. ಆ ಮುಖದ ಬೆಳಕನ್ನು ನಾಳೆ ಚರ್ಚಿನಲ್ಲಿ ನಿಂತು ಆರಿಸುವವನು ನಾನೇ ಎಂದು ಹೊಳೆಯಿತು. ಸೇತುವೆಯ ಹತ್ತಿರ ಕುದುರೆ ನಿಲ್ಲಿಸಿದೆ.

"ನಾಳೆ ಬೇಡ ಬಿಡಿ. ಮುಂದಿನ ಅಕ್ಟೋಬರಿಗೆ ಮತ್ತೆ ಚುನಾವಣೆ ಇದೆ. ಅದೊಂದು ಹಾಕಿಬಿಡಿ. ಆಮೇಲೆ ಕೇಳ್ತೀನಿ."

ಅವಳು ಹಾಡಹಗಲಲ್ಲಿ, ನಡುರಸ್ತೆಯಲ್ಲಿ ನನ್ನ ಹೆಗಲಿಗೆ ತಲೆಯಿಟ್ಟಳು. ನನ್ನದು ದೊಡ್ಡ ಮನಸ್ಸು ಎಂದುಕೊಳ್ಳಬೇಡಿ. ಒಂದು ವರ್ಷದ ಮಾತು ಎಂದುಕೊಂಡಿದ್ದೆ, ಅಷ್ಟೇ. ಬಾತುಗಳನ್ನು ನಾವು ಮೂವರೇ ಒಂದು ವಾರ ಕೂತು ತಿಂದೆವು.

ಮುಂದಿನ ಅಕ್ಟೋಬರ್ ಬಂತು. ಅವಳು ಓಟು ಹಾಕಿ ಬಂದಳು. ನಾನು ಕೇಳಿದೆ. ಅವಳು ನೆಲ ನೋಡಿದಳು. "ಮುಂದಿನ ಚುನಾವಣೆ ಆಗಲಿ ಜೋಥಮ್." ಅದರ ಮುಂದಿನ ವರ್ಷವೂ ಅದೇ. ಮತಗಟ್ಟೆ ನಮ್ಮೂರಿಗೇ ಬಂತು, ಬಾಯಲ್ಲಿ ಹೇಳುವುದು ಹೋಗಿ ಚೀಟಿ ಬರೆದು ಪೆಟ್ಟಿಗೆಗೆ ಹಾಕುವುದು ಬಂತು. ಕಾನೂನಿನಲ್ಲಿ 'ಅವನು ಅಥವಾ ಅವಳು' ಎಂದೇ ಬರೆದರು. ಬೇರೆ ವಿಧವೆಯರೂ ಮದುವೆಯಾಗದ ಹೆಂಗಸರೂ ಬರತೊಡಗಿದರು. ಅವಳು ಪ್ರತಿ ಸಲ ನನಗೆ ಆಗದವರಿಗೇ ಹಾಕುತ್ತಿದ್ದಳು. ಚುನಾವಣೆಯ ಹಿಂದಿನ ವಾರವೆಲ್ಲ ನಮಗೆ ಜಗಳ. ಅವಳ ಮನೆಯಲ್ಲಿ ಊಟ ಮಾಡುತ್ತ ಜಗಳ, ಸೇಬು ಕೀಳುತ್ತ ಜಗಳ. ಆ ಜಗಳಗಳಲ್ಲೇ ಎಲ್ಲೋ ನಾವು 'ನೀವು' ಬಿಟ್ಟು 'ನೀನು' ಎನ್ನತೊಡಗಿದೆವು. ಊಟ ಮುಗಿಸಿ ನಾನು ನನ್ನ ಮನೆಗೆ ಹೋಗಿ ಮಲಗುತ್ತಿದ್ದೆ.

ಊರ ಬಾಯಿ ಮುಚ್ಚಲು ಆಗುತ್ತದೆಯೇ? ಪಡಖಾನೆಯ ಯಜಮಾನನಂತೂ ನಾನು ಒಳಗೆ ಕಾಲಿಟ್ಟ ಕೂಡಲೇ ಶುರು ಮಾಡುತ್ತಿದ್ದ. "ಬಾರಪ್ಪ ಜೋಥಮ್! ಊರಿನ ಪೀಪಾಯಿಗೆಲ್ಲ ಬಳೆ ತೊಡಿಸ್ತೀಯ, ಆ ಒಂದು ಬೆರಳಿಗೆ ಉಂಗುರ ತೊಡಿಸೋಕೆ ಆಗಲಿಲ್ವಲ್ಲೋ."

ನಕ್ಕು ಕೂರುತ್ತಿದ್ದೆ. ಆದರೆ ಒಂದು ವಿಷಯ ಮುಚ್ಚಿಡುವುದಿಲ್ಲ. ನನಗೆ ಮಕ್ಕಳು ಬೇಕಿತ್ತು. ಮೊದಲ ಸಲ ಕೇಳಿದಾಗ ಅವಳಿಗೆ ಮೂವತ್ನಾಲ್ಕು, ಇನ್ನೂ ಕಾಲ ಮಿಂಚಿರಲಿಲ್ಲ. ಒಂದೊಂದು ಅಕ್ಟೋಬರ್ ಕಳೆದಾಗಲೂ ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಅವಳೂ ಹಾಕುತ್ತಿದ್ದಳು. ನಾವು ಅದನ್ನು ಮಾತಾಡಿದ್ದು ಒಂದೇ ಸಲ, ಅವಳ ನಲವತ್ತೊಂದನೇ ವರ್ಷದಲ್ಲಿ. "ನಿನಗೆ ದೊಡ್ಡ ಅನ್ಯಾಯ ಮಾಡ್ತಿದೀನಿ," ಎಂದಳು. ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಸೌದೆ ಒಡೆಯಲು ಎದ್ದು ಹೋದೆ.

ಅದರ ಮರುವರ್ಷ ಅವಳಿಗೆ ಜೋರು ಜ್ವರ ಬಂತು. ಆರೈಕೆಗೆ ಮೌಂಟ್ ಹಾಲಿಯಿಂದ ಬಂದ ಅವಳ ಅತ್ತಿಗೆ ಬಾಗಿಲಲ್ಲೇ ನನ್ನನ್ನು ತಡೆದಳು.

"ಗಂಡ ಅಲ್ಲ, ಅಣ್ಣ ಅಲ್ಲ. ಹೆಂಗಸು ಮಲಗಿರೋ ಕೋಣೆಗೆ ಬರೋಕೆ ನೀವು ಯಾರು?"

ಯಾರೂ ಅಲ್ಲ. ಹನ್ನೊಂದು ದಿನ ಅವಳ ಮನೆಯ ಮೆಟ್ಟಿಲ ಮೇಲೆ ಕೂತು, ಪೀಪಾಯಿಯ ಹಲಗೆ ಕೆತ್ತುತ್ತ, ಒಳಗಿನ ಕೆಮ್ಮು ಕೇಳಿಸಿಕೊಂಡೆ. ಕೆಮ್ಮು ನಿಂತರೆ ಕೈ ನಿಲ್ಲುತ್ತಿತ್ತು. ಹನ್ನೆರಡನೆಯ ದಿನ ಅವಳೇ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಅಷ್ಟು ದಿನ ಕಟ್ಟಿಟ್ಟ ಸಿಟ್ಟೆಲ್ಲ ನನ್ನ ಬಾಯಿಂದ ಹೊರಬಿತ್ತು.

"ನೀನು ಸತ್ತಿದ್ದರೆ ನಾನು ಕಿಟಕಿಯಿಂದ ನೋಡಬೇಕಿತ್ತು! ಒಂದು ಚೀಟಿಗೋಸ್ಕರ! ವರ್ಷಕ್ಕೊಂದು ಚೀಟಿಗೋಸ್ಕರ!"

ಅವಳು ನನ್ನ ಪಕ್ಕ ಕೂತಳು. "ನೀನು ಹೇಳೋದು ಸರಿ. ಹೋಗು, ಭಾನುವಾರ ಹೆಸರು ಕೂಗೋಕೆ ಹೇಳಿ ಬಾ."

ಓಡಿದೆ ಎಂದೇ ಹೇಳಬೇಕು. ಪಾದ್ರಿಯ ಮನೆಯ ಗೇಟಿನ ಅಗಳಿಯ ಮೇಲೆ ಕೈಯಿಟ್ಟೆ. ಇಟ್ಟವನು ಅಲ್ಲೇ ನಿಂತೆ. ಅವಳು ಹೂಂ ಎಂದದ್ದು ಜ್ವರದ ಸುಸ್ತಿಗೆ, ನನ್ನ ಸಿಟ್ಟಿಗೆ. ಇಂಥ ಹೂಂ ನನಗೆ ಬೇಕಿರಲಿಲ್ಲ. ವಾಪಸು ಬಂದು, "ಪಾದ್ರಿ ಮನೇಲಿರಲಿಲ್ಲ," ಎಂದೆ.

"ಹೌದಾ?" ಎಂದಳು. "ಈಗ ತಾನೇ ಅವರು ನಮ್ಮ ಬೇಲಿ ಹತ್ತಿರ ಬಂದಿದ್ದರು. ಜೋಥಮ್ ನನ್ನ ಗೇಟು ಹಿಡಿದುಕೊಂಡು ದೆವ್ವ ಬಡಿದವನ ಥರ ನಿಂತಿದಾನೆ, ಮಾತಾಡಿಸಿದರೂ ಕೇಳಿಸಲಿಲ್ಲ, ಹುಷಾರಾಗಿದಾನಾ ಅಂತ ಕೇಳಿ ಹೋದರು."

ನಾನು ಹಲಗೆ ಕೆತ್ತಲು ಶುರು ಮಾಡಿದೆ. ಅವಳು ನನ್ನ ತಲೆಗೂದಲಲ್ಲಿ ಸಿಕ್ಕಿಕೊಂಡಿದ್ದ ಮರದ ಚೂರುಗಳನ್ನು ಒಂದೊಂದಾಗಿ ತೆಗೆದಳು.

ಹೀಗೆ ಇಪ್ಪತ್ತು ವರ್ಷ. ಡಾರ್ಕಸ್ ಅಕ್ಕ ಬೈಯುತ್ತ ಬೈಯುತ್ತಲೇ ತೀರಿಕೊಂಡಳು. ಸಾವಿರದ ಎಂಟುನೂರ ಏಳರ ನವೆಂಬರಿನಲ್ಲಿ ಒಂದು ಬೆಳಿಗ್ಗೆ ಪಡಖಾನೆಯ ಯಜಮಾನ ನನಗೆ ಪತ್ರಿಕೆ ಕೊಟ್ಟ. ತಮಾಷೆ ಮಾಡಲಿಲ್ಲ. ಅದರಿಂದಲೇ ಏನೋ ಆಗಿದೆ ಎಂದುಕೊಂಡೆ.

ಎಸೆಕ್ಸ್ ಕಡೆ ಕಚೇರಿ ಯಾವ ಊರಿನಲ್ಲಿ ಕಟ್ಟಬೇಕು ಎಂದು ಆ ವರ್ಷ ಓಟು ನಡೆದಿತ್ತು. ಬೇಕಾದಷ್ಟು ಮೋಸ. ಗಂಡಸರು ಲಂಗ ತೊಟ್ಟು, ಬಾನೆಟ್ ಟೋಪಿ ಕಟ್ಟಿಕೊಂಡು ಎರಡೆರಡು ಸಲ ಹೋಗಿ ಚೀಟಿ ಹಾಕಿ ಬಂದರಂತೆ. ಅದಕ್ಕೆ ನಮ್ಮ ಶಾಸನಸಭೆಯ ಮಹನೀಯರು ಕೂತು ಆಲೋಚಿಸಿ ಹೊಸ ಕಾನೂನು ಮಾಡಿದ್ದರು: ಇನ್ನು ಮೇಲೆ ಬಿಳಿಯ ಗಂಡಸರು ಮಾತ್ರ ಓಟು ಹಾಕಬೇಕು. ಹೆಂಗಸರಿಗಿಲ್ಲ, ಕರಿಯರಿಗಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಲಂಗ ತೊಟ್ಟ ಗಂಡಸರ ಓಟು ಉಳಿಯಿತು, ಲಂಗದಲ್ಲೇ ಹುಟ್ಟಿ ಬೆಳೆದವರದು ಹೋಯಿತು. ದೊರೆಯನ್ನು ಓಡಿಸಲು ನಾವು ಬಂದೂಕು ಹೊತ್ತದ್ದು ಇದಕ್ಕಾ ಎಂದು ಪತ್ರಿಕೆಯನ್ನು ಒಲೆಗೆ ಹಾಕಿದೆ.

ಹಾಕಿದ ಮೇಲೆ ಅವಳಿಗೆ ಹೇಳಬೇಕಲ್ಲ. ನೂರು ಹೆಜ್ಜೆಯ ದಾರಿ ಒಂದು ಮೈಲಿಯಾಯಿತು. ಅವಳು ಅಂಗಳದಲ್ಲಿ ದೊಡ್ಡ ಹಂಡೆಯಲ್ಲಿ ಸೇಬಿನ ಲೇಹ್ಯ ಕಾಯಿಸುತ್ತಿದ್ದಳು. ನನ್ನನ್ನು ನೋಡಿದಳು, ತೊಳಸುವುದು ನಿಲ್ಲಿಸಲಿಲ್ಲ.

"ಗೊತ್ತಾಯ್ತು," ಎಂದಳು. "ನಿನ್ನೆಯೇ ಪಾದ್ರಿ ಹೆಂಡತಿ ಬಂದು ಹೇಳಿದಳು. ಅವಳಿಗೆ ಓಟು ಯಾವತ್ತೂ ಇರಲಿಲ್ಲ ನೋಡು, ಪಾಪ, ಅವಳೇ ಅತ್ತಳು."

"ಕೆಜಾಯಾ..."

"ಕೇಳು."

"ಏನು?"

"ವರ್ಷವರ್ಷ ಕೇಳ್ತೀಯಲ್ಲ, ಅದನ್ನ ಕೇಳು."

"ಹೀಗೆ ಬೇಡ," ಎಂದೆ. "ಅವರು ಕಿತ್ತುಕೊಂಡರು ಅಂತ ನನ್ನ ಹತ್ತಿರ ಬರೋದು ಬೇಡ. ನನಗೆ ಹೀಗೆ ಬೇಕಿರಲಿಲ್ಲ."

ಅವಳು ಸೌಟು ಕೆಳಗಿಟ್ಟಳು. ಐವತ್ನಾಲ್ಕು ವರ್ಷದ ಹೆಂಗಸು, ಮುಖಕ್ಕೆಲ್ಲ ಹೊಗೆ. "ನನಗೂ ಹೀಗೆ ಬೇಕಿರಲಿಲ್ಲ ಕಣೋ. ಆದರೆ ಅವರು ಅದನ್ನ ಕಿತ್ತುಕೊಂಡರು ಅಂತ ನಾನು ಇದನ್ನೂ ಕಳೆದುಕೊಳ್ಳಬೇಕಾ? ನನ್ನನ್ನ ಕೇಳೋನು ಇಡೀ ಜೆರ್ಸೀಲಿ ಈಗ ನೀನೊಬ್ಬನೇ ಉಳಿದಿರೋದು. ಕೇಳೋ."

ಕೇಳಿದೆ. ಅವಳು "ಆಗಲಿ" ಎಂದಳು. ಅಷ್ಟು ವರ್ಷ ಕಾದ ಮಾತು ಕಿವಿಗೆ ಬಿದ್ದಾಗ ನಾನು ಸೌದೆಯ ರಾಶಿಯ ಮೇಲೆ ಕೂತು ಮಗುವಿನ ಹಾಗೆ ಅತ್ತೆ. ಸಂತೋಷ ಎಷ್ಟು, ಸಂಕಟ ಎಷ್ಟು, ಬೇರೆ ಮಾಡಿ ಹೇಳಲಾರೆ. ಅವಳು ಅಂಟು ಕೈಯಲ್ಲೇ ನನ್ನ ತಲೆ ಹಿಡಿದುಕೊಂಡಳು. ಲೇಹ್ಯ ತಳ ಹಿಡಿಯಿತು.

ಕ್ರಿಸ್‌ಮಸ್‌ಗೆ ಮುಂಚೆ ಮದುವೆಯಾಯಿತು. ಪಡಖಾನೆಯ ಯಜಮಾನ ಒಂದು ಪೀಪಾಯಿ ಸೇಬಿನ ಸಾರಾಯಿ ಬಿಟ್ಟಿ ಕೊಟ್ಟ. ಒಂದೇ ಸೂರಿನಡಿ ಒಬ್ಬರ ಗೊರಕೆ ಒಬ್ಬರಿಗೆ ಕೇಳಿಸುವ ಸುಖ ನನಗೆ ಐವತ್ತೆಂಟನೇ ವಯಸ್ಸಿನಲ್ಲಿ ಸಿಕ್ಕಿತು. ಅವಳು ಸುಖವಾಗಿದ್ದಳು, ಅದರಲ್ಲಿ ನನಗೆ ಅನುಮಾನವಿಲ್ಲ. ಹಸುಗಳ ಹತ್ತಿರ ಹಾಡುತ್ತಿದ್ದಳು.

ಮುಂದಿನ ಅಕ್ಟೋಬರಿನ ಎರಡನೇ ಮಂಗಳವಾರ ಬಂತು. ಆ ವಾರ ಜಗಳ ಆಗಲಿಲ್ಲ. ನಾನು ಒಂದೆರಡು ಸಲ ಕೆಣಕಿ ನೋಡಿದೆ, ಅವಳು ಮಾತು ಬದಲಿಸಿದಳು. ಬೆಳಿಗ್ಗೆ ನನ್ನ ಕೋಟಿನ ಧೂಳು ಕೊಡವಿ, ಬಾಗಿಲವರೆಗೆ ಬಂದು ನಿಂತಳು. ಒಬ್ಬನೇ ಹೋದೆ. ಪೆಟ್ಟಿಗೆಯ ಮುಂದೆ ಚೀಟಿ ಹಿಡಿದು ನಿಂತಾಗ ನನಗೊಂದು ಯೋಚನೆ ಬಂತು, ಎಷ್ಟು ಒಳ್ಳೆಯ ಯೋಚನೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ನನ್ನ ಚೀಟಿ ಹರಿದು, ಹೊಸದರ ಮೇಲೆ ಅವಳ ಕಡೆಯವರ ಹೆಸರುಗಳನ್ನು ಬರೆದೆ. ಇಪ್ಪತ್ತು ವರ್ಷ ನಾನು ಬಾಯಿ ತುಂಬ ಬೈದವರ ಹೆಸರು. ಬರೆದು ಹಾಕಿ, ಹುಡುಗನ ಹಾಗೆ ಬಿರಬಿರನೆ ಮನೆಗೆ ಬಂದೆ.

ಅವಳು ಮೇಜಿನ ಹತ್ತಿರ ಕೂತಿದ್ದಳು. ಎದುರಿಗೆ ಯಾವ ಕೆಲಸವೂ ಇರಲಿಲ್ಲ.

"ನಿನ್ನ ಓಟು ಹಾಕಿ ಬಂದೆ," ಎಂದೆ. "ನಿನ್ನವರಿಗೇ ಹಾಕಿದೆ, ಎಲ್ಲಾ ನಿನ್ನವರೇ. ಈಗ ನಗು ನೋಡೋಣ."

ಅವಳು ನನ್ನನ್ನೇ ನೋಡಿದಳು. ಸಿಟ್ಟು ಬರುತ್ತದೆ ಎಂದುಕೊಂಡೆ, ಬರಲಿಲ್ಲ.

"ನೀನು ಹಾಕಿದ್ದು ನಿನ್ನ ಓಟು ಜೋಥಮ್," ಎಂದಳು ಮೆಲ್ಲಗೆ. "ನಿನಗೆ ಬೇಡದವರಿಗೆ ಹಾಕಿ ಅದನ್ನೂ ಹಾಳು ಮಾಡಿಕೊಂಡು ಬಂದೆ. ನನ್ನದು ಎಲ್ಲಿ?"

ಟೋಪಿಯನ್ನೂ ತೆಗೆಯದೆ ಅವಳ ಪಕ್ಕ ಕೂತೆ.

"ಮುಂದಿನ ಸಲ ನಿನಗೆ ಬೇಕಾದವರಿಗೇ ಹಾಕು," ಎಂದಳು. "ಹಾಕಿ ಬಾ. ನಾನು ನಿನ್ನ ಜೊತೆ ಜಗಳ ಆಡ್ತೀನಿ. ಅದಾದರೂ ನನ್ನದಾಗಿರಲಿ."

ಹೂಂ ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು. ಹೊರಗೆ ಓಟು ಹಾಕಲು ಹೋಗುವವರ ಗಾಡಿಗಳ ಸದ್ದು ಕೇಳುತ್ತಿತ್ತು. ಅವು ಎಲ್ಲ ಹೋಗುವವರೆಗೂ ನಾವು ಹಾಗೇ ಕೂತಿದ್ದೆವು, ಅವಳ ಒಂದು ಕೈ ನನ್ನ ಕೈಯಲ್ಲಿ, ಇನ್ನೊಂದು ಅವಳ ಮಡಿಲಲ್ಲಿ ಬರಿದಾಗಿ.